ಸೀಗೆ ಬೇಲಿ: ಬೀಜ ಒಡೆಯುವುದರಿಂದ ಕತ್ತಿ ಹಿಡಿಯುವವರೆಗೆ

ಸೀಗೆ ಬೇಲಿ ಮಾಡಲು ಹೊರಟವರ ದೂರುಗಳು ಮೂರೇ ಬಗೆಯವು. "ಇನ್ನೂರು ಬೀಜ ಹಾಕಿದೆ, ಏಳೋ ಎಂಟೋ ಹುಟ್ಟಿದವು" ಎಂಬುದು ಮೊದಲನೆಯದು. "ಗಿಡ ಬಂತು, ಆದರೆ ನೆಲದ ಮೇಲೆ ಬಿದ್ದುಕೊಂಡಿದೆ, ಹಂದಿ ಸಲೀಸಾಗಿ ನುಗ್ಗುತ್ತಿದೆ" ಎಂಬುದು ಎರಡನೆಯದು. ಮೂರನೆಯ ದೂರು ಆರೇಳು ವರ್ಷ ಕಳೆದ ಮೇಲೆ ಬರುತ್ತದೆ: "ತೋಟದ ಅಂಚಿನ ಎರಡು ಸಾಲು ಅಡಿಕೆ ಸೀಗೆಯ ಪಾಲಾಯಿತು." ಮೂರಕ್ಕೂ ಮೂಲ ಒಂದೇ. ಕೆಲಸಗಳ ಸರದಿ ತಪ್ಪಿದೆ. ಬೀಜ ಒಡೆಯುವ ಮೊದಲೇ ಬಿತ್ತಿದ್ದಾರೆ, ಆಸರೆ ನಿಲ್ಲಿಸುವ ಮೊದಲೇ ನೆಟ್ಟಿದ್ದಾರೆ, ಕತ್ತಿ ಹಿಡಿಯಬೇಕಾದ ವರ್ಷ ಕೈ ಕಟ್ಟಿ ಕುಳಿತಿದ್ದಾರೆ.

ಒಂದು ಮಾತು ಮೊದಲೇ ತಲೆಯಲ್ಲಿ ಇರಲಿ. ಸೀಗೆ ತಾನಾಗಿ ನಿಲ್ಲುವ ಗಿಡವಲ್ಲ. ಅದು ಹತ್ತುವ ಪೊದೆ. ಮುಳ್ಳನ್ನೇ ಕೊಕ್ಕೆ ಮಾಡಿಕೊಂಡು ಪಕ್ಕದವರನ್ನು ಹಿಡಿದು ಮೇಲೇರುವುದು ಅದರ ಜಾಯಮಾನ. ದಾಸವಾಳದ ಬೇಲಿಯ ಹಾಗೆ ಸಾಲಾಗಿ ನೆಟ್ಟು ಬಂದರೆ ಅದು ಬೇಲಿಯಾಗುವುದಿಲ್ಲ, ಮೆಳೆಯಾಗುತ್ತದೆ.

## ಹಂತ 1: ನಿಮ್ಮ ಜಾಗ ಸೀಗೆಗೆ ಒಗ್ಗುತ್ತದೆಯೇ ನೋಡಿ

ಮಲೆನಾಡಿನಲ್ಲಿ "ಅಕೇಶಿಯಾ" ಎಂದರೆ ಆಸ್ಟ್ರೇಲಿಯಾದಿಂದ ಬಂದ ನೆಡುತೋಪಿನ ಮರ ಎಂದೇ ಎಲ್ಲರ ಲೆಕ್ಕ. ಸೀಗೆ ಅದೇ ಬಳಗದ, ನಮ್ಮದೇ ನೆಲದ ಗಿಡ. ಸಸ್ಯಶಾಸ್ತ್ರಜ್ಞರು ಬಹುಕಾಲ ಅಕೇಶಿಯಾ ಕಾನ್ಸಿನ್ನಾ ಎನ್ನುತ್ತಿದ್ದರು, ಈಗ ಸೆನೆಗೇಲಿಯಾ ರುಗಾಟಾ ಎನ್ನುತ್ತಾರೆ. ನರ್ಸರಿಯ ಫಲಕದಲ್ಲಿ ಯಾವ ಹೆಸರಿದ್ದರೂ ಗಿಡ ಒಂದೇ, ಗಾಬರಿ ಬೇಡ.

ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಹಾಸನದ ಮಲೆನಾಡು ಭಾಗ, ಕೊಡಗು, ಇತ್ತ ಬಿಳಿಗಿರಿರಂಗನ ಬೆಟ್ಟದವರೆಗೆ ಎಲೆ ಉದುರಿಸುವ ಕಾಡುಗಳಲ್ಲಿ ಸೀಗೆ ಇದೆ. ದಟ್ಟ ಕಾಡಿನ ಒಳಗೆ ಹುಡುಕಿದರೆ ಸಿಗುವುದು ಕಡಿಮೆ. ಕಾಡಿನ ಅಂಚು, ಹಳ್ಳದ ದಂಡೆ, ಮರ ಬಿದ್ದು ಬೆಳಕು ಇಳಿದ ಜಾಗ, ಹಳೆಯ ಗಾಡಿದಾರಿಯ ಬದಿ ಇದರ ಠಾವು. ಅಂದರೆ ಇದಕ್ಕೆ ತಲೆಗೆ ಬಿಸಿಲು ಬೇಕು, ಬುಡದಲ್ಲಿ ಒಂದಿಷ್ಟು ತೇವ ಬೇಕು, ನೀರು ನಿಲ್ಲಬಾರದು. ನಿಮ್ಮ ಗಡಿಯ ಯಾವ ಭಾಗ ಇದಕ್ಕೆ ಹೊಂದುತ್ತದೆ ಎಂಬುದನ್ನು ಇದರಿಂದಲೇ ತೀರ್ಮಾನಿಸಬಹುದು. ಹಲಸು, ಮಾವಿನ ದಟ್ಟ ನೆರಳಿನ ಕೆಳಗೆ ಸೀಗೆ ನೆಟ್ಟವರು ಮೂರು ವರ್ಷ ಕಾದರೂ ಬಡಕಲು ಬಳ್ಳಿಯನ್ನೇ ಕಾಣುತ್ತಾರೆ.

ಬಯಲುಸೀಮೆಯವರು ಹಳ್ಳದ ಬದಿ, ಕೆರೆಯ ಹಿಂಭಾಗ, ಬೆಟ್ಟದ ಬುಡದ ತಂಪು ನೆಲ ಇದ್ದರೆ ಮಾತ್ರ ಕೈ ಹಾಕುವುದು ಒಳ್ಳೆಯದು. ಬೋಳು ಮರಡಿಯ ಮೇಲೆ ಇದನ್ನು ಬದುಕಿಸಲು ಎರಡು ಬೇಸಿಗೆ ನೀರು ಹೊರಬೇಕಾಗುತ್ತದೆ. ಅಷ್ಟು ಶ್ರಮಕ್ಕೆ ಕತ್ತಾಳೆಯೋ ಕಳ್ಳಿಯೋ ಬೇಗ ಫಲ ಕೊಡುತ್ತದೆ.

ಇದೇ ಹಂತದಲ್ಲಿ ಮುಗಿಸಬೇಕಾದ ಇನ್ನೊಂದು ಕೆಲಸವಿದೆ: ಗಡಿ ಅಳತೆ. ಅನುಮಾನವಿದ್ದರೆ ಮೊದಲು ಸರ್ವೆ ಮಾಡಿಸಿ, ಕಲ್ಲು ನೆಡಿಸಿ. ಸೀಗೆ ನಿಂತ ಮೇಲೆ ಚೈನು ಹಿಡಿದು ಒಳಗೆ ಹೋಗುವ ಸರ್ವೆಯರ್ ಇನ್ನೂ ಹುಟ್ಟಿಲ್ಲ. ಪಕ್ಕದ ಜಮೀನಿನವರಿಗೂ ಒಂದು ಮಾತು ಹೇಳಿ. ಸೀಗೆ ಎರಡೂ ಕಡೆಗೆ ಕೈ ಚಾಚುತ್ತದೆ. ಆ ಬದಿಯನ್ನು ಯಾರು ಸವರಬೇಕು ಎಂಬುದು ಈಗಲೇ ಇತ್ಯರ್ಥವಾಗಲಿ.

## ಹಂತ 2: ತಾಯಿ ಗಿಡ ಗುರುತಿಸಿ, ಕಾಯಿ ಆರಿಸಿ

ಕಾಡಿನಲ್ಲಿ ಮುಳ್ಳು, ಪುಟ್ಟ ಎಲೆ, ದುಂಡು ಹೂವು ಕಂಡದ್ದೆಲ್ಲ ಸೀಗೆಯಲ್ಲ. ಎಡವುವುದು ಹೆಚ್ಚಾಗಿ ಕಾಡುಸೀಗೆಯಲ್ಲಿ. ಅದರ ಎಲೆದಳಗಳು ತೀರಾ ಸಣ್ಣವು, ಸಂಖ್ಯೆ ಬಹಳ, ಹಕ್ಕಿಯ ಗರಿಯಂತೆ ಒತ್ತೊತ್ತಾಗಿ ಇರುತ್ತವೆ. ಕಾಯಿ ಚಪ್ಪಟೆ, ತೆಳು. ಸೀಗೆಯ ಕಾಯಿ ಹಾಗಲ್ಲ. ಹಸಿಯಿದ್ದಾಗ ದಪ್ಪ, ಮಾಂಸಲ. ಒಣಗಿದಾಗ ಮೈಯೆಲ್ಲ ಸುಕ್ಕು, ಬೀಜವಿದ್ದಲ್ಲಿ ಉಬ್ಬು, ಬೀಜಗಳ ನಡುವೆ ಕುಗ್ಗು. ಒಣಗಿದ ಕಾಯಿಯ ಒಂದು ಚೂರನ್ನು ನೀರಿನಲ್ಲಿ ಅಂಗೈಗೆ ಹಾಕಿ ಉಜ್ಜಿದರೆ ಒಳ್ಳೆಯ ನೊರೆ ಬರುತ್ತದೆ. ಕಾಯಿ ನೋಡದೆ ಬರೀ ಎಲೆ ನೋಡಿ ಸಸಿ ಕೊಳ್ಳಬೇಡಿ. ಸೀಗೆಯದು ಕೆನೆಬಣ್ಣದ ಪುಟ್ಟ ಚೆಂಡಿನಂತಹ ಹೂವು.

ಕಾಯಿ ಆರಿಸಲು ಜನವರಿಯಿಂದ ಮಾರ್ಚ್‌ವರೆಗೆ ಸಮಯ. ಗಿಡದ ಮೇಲೆಯೇ ಕಂದು ಬಣ್ಣಕ್ಕೆ ತಿರುಗಿ ಅಲುಗಾಡಿಸಿದರೆ ಒಳಗೆ ಗಲಗಲ ಎನ್ನುವ ಕಾಯಿ ಬೇಕು. ಹಸಿರು ಮಾಸದ ಕಾಯಿಯನ್ನು ಕೊಯ್ದು ಅಂಗಳದಲ್ಲಿ ಒಣಗಿಸಿದರೆ ತಲೆಗೆ ಹಚ್ಚಲು ಆದೀತು, ಬಿತ್ತಲು ಆಗದು. ಕಾಯ್ದಿಟ್ಟ ಅರಣ್ಯದೊಳಗೆ ಅನುಮತಿಯಿಲ್ಲದೆ ಕೀಳಲು ಹೋಗಬೇಡಿ. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡು) ಇರುವವರ ಬಳಿ ಕೇಳಿದರೆ ಒಂದು ಸೇರು ಕಾಯಿಗೆ ಯಾರೂ ಇಲ್ಲವೆನ್ನುವುದಿಲ್ಲ.

ಅಂಗಡಿಯಲ್ಲಿ ತೂಕಕ್ಕೆ ಮಾರುವ ಸೀಗೆಕಾಯಿಯಿಂದಲೂ ಸಸಿ ಮಾಡಬಹುದು, ಆದರೆ ಒಂದೊಂದು ಕಾಯಿಯನ್ನೂ ಬೆಳಕಿಗೆ ಹಿಡಿದು ನೋಡಬೇಕು. ಗುಂಡುಸೂಜಿಯ ತಲೆಯಷ್ಟು ದುಂಡು ತೂತು ಕಂಡರೆ ಒಳಗಿನ ಬೀಜವನ್ನು ಹುಳು ತಿಂದು ಹೊರಬಂದಿದೆ ಎಂದೇ ಅರ್ಥ. ಅಂತಹ ಕಾಯಿ ಪುಡಿಗೆ ಇರಲಿ.

## ಹಂತ 3: ಬೀಜದ ಸಿಪ್ಪೆ ಒಡೆಯಿರಿ

ಹೆಚ್ಚಿನವರು ಸೋಲುವುದು ಇಲ್ಲಿ. ಸೀಗೆಯ ಬೀಜ ಕಪ್ಪಗೆ, ನುಣ್ಣಗೆ, ಹುಣಸೆ ಬೀಜದ ತಮ್ಮನ ಹಾಗಿರುತ್ತದೆ. ಆ ಹೊಳಪಿನ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಕಾಡಿನಲ್ಲಿ ಬಿಸಿಲು, ಮಳೆ, ಮಣ್ಣಿನ ಉಜ್ಜಾಟ ಸೇರಿ ನಿಧಾನವಾಗಿ ಆ ಸಿಪ್ಪೆಯನ್ನು ಸವೆಸುತ್ತವೆ. ಆದ್ದರಿಂದಲೇ ಅಲ್ಲಿ ಒಂದೇ ಗಿಡದ ಬೀಜಗಳು ಬೇರೆ ಬೇರೆ ವರ್ಷ ಹುಟ್ಟುತ್ತವೆ. ನಿಮಗೆ ಎಲ್ಲವೂ ಒಟ್ಟಿಗೆ ಬೇಕು. ಆದ್ದರಿಂದ ಆ ಕೆಲಸವನ್ನು ನೀವೇ ಮಾಡಬೇಕು.

ಮೊದಲು ಬೀಜಗಳನ್ನು ತಣ್ಣೀರಿಗೆ ಸುರಿಯಿರಿ. ತೇಲಿದ್ದನ್ನು ತೆಗೆದು ಎಸೆಯಿರಿ, ಅವು ಜೊಳ್ಳು. ಮುಳುಗಿದ್ದನ್ನು ಬಸಿದು ಒಂದು ಪಾತ್ರೆಗೆ ಹಾಕಿ. ಬೀಜದ ನಾಲ್ಕೈದು ಪಟ್ಟು ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಕುದಿ ಅಡಗುವವರೆಗೆ ಒಂದೆರಡು ನಿಮಿಷ ಬಿಟ್ಟು, ಅದನ್ನು ಬೀಜದ ಮೇಲೆ ಹೊಯ್ಯಿರಿ. ಮುಚ್ಚಿ, ಹಾಗೆಯೇ ತಣಿಯಲು ಬಿಡಿ. 24 ಗಂಟೆ ಆ ನೀರಿನಲ್ಲೇ ಇರಲಿ. ಬೀಜವನ್ನು ಒಲೆಯ ಮೇಲಿಟ್ಟು ಕುದಿಸಬೇಡಿ, ಅದು ಬೀಜೋಪಚಾರವಲ್ಲ, ಉಸಲಿ.

ಮಾರನೆಯ ದಿನ ಪಾತ್ರೆಯ ಮುಂದೆ ಕುಳಿತು ನೋಡಿ. ಒಂದೇ ಪಾತ್ರೆಯಲ್ಲಿ ಎರಡು ಜಾತಿಯ ಬೀಜ ಇದ್ದಂತೆ ಕಾಣುತ್ತದೆ. ಕೆಲವು ಉಬ್ಬಿ ಒಂದೂವರೆ ಪಟ್ಟು ಆಗಿರುತ್ತವೆ, ಹೊಳಪು ಹೋಗಿರುತ್ತದೆ, ಉಗುರು ಒತ್ತಿದರೆ ಗುರುತು ಬೀಳುತ್ತದೆ. ಉಳಿದವು ನಿನ್ನೆಯ ಹಾಗೆಯೇ ಗಟ್ಟಿ, ಕಲ್ಲು. ಉಬ್ಬಿದ್ದನ್ನು ಅಂದೇ ಬಿತ್ತಿ. ಉಬ್ಬದೆ ಉಳಿದದ್ದನ್ನು ಬಿಸಾಡಬೇಡಿ, ಬಿತ್ತಲೂ ಬೇಡಿ. ಇನ್ನೂರು ಹಾಕಿ ಏಳೆಂಟು ಕಂಡವರು ಬಿತ್ತಿದ್ದು ಬಹುಪಾಲು ಇವನ್ನೇ. ಇವುಗಳಿಗೆ ಉಗುರು ಕಟರ್ ಬೇಕು. ಬೀಜಕ್ಕೆ ತೊಟ್ಟು ಅಂಟಿದ್ದ ಕಡೆ ಸಣ್ಣ ಚುಕ್ಕಿ ಕಾಣುತ್ತದೆ. ಮೊಳಕೆ ಹೊರಡುವುದು ಅಲ್ಲಿಂದ, ಅದನ್ನು ಮುಟ್ಟಬೇಡಿ. ಅದರ ಎದುರು ತುದಿಯಲ್ಲಿ, ಒಳಗಿನ ತಿಳಿಬಣ್ಣ ಇಣುಕುವಷ್ಟು ಮಾತ್ರ ಸಿಪ್ಪೆ ಕಚ್ಚಿ ತೆಗೆಯಿರಿ. ಕಟರ್ ಇಲ್ಲದಿದ್ದರೆ ಒರಟು ಕಲ್ಲಿನ ಮೇಲೆ ಉಜ್ಜಿ. ಮತ್ತೆ ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಇವೂ ಉಬ್ಬುತ್ತವೆ. ಐವತ್ತು ಬೀಜಕ್ಕೆ ಒಂದು ಗಂಟೆ ಹಿಡಿಯುತ್ತದೆ. ಬೇಸರದ ಕೆಲಸ ನಿಜ, ಮನೆಯ ಮಕ್ಕಳಿಗೆ ಕೊಟ್ಟರೆ ಪಂದ್ಯ ಕಟ್ಟಿಕೊಂಡು ಮಾಡಿ ಮುಗಿಸುತ್ತಾರೆ.

ಅಪಾಯದ ಸೂಚನೆ: ನೀರು ನೊರೆಯೆದ್ದು ಕೆಟ್ಟ ವಾಸನೆ ಬಂದರೆ ಕಾಯಿಯ ತಿರುಳು ಬೀಜಕ್ಕೆ ಅಂಟಿಕೊಂಡೇ ಉಳಿದಿದೆ. ಬೀಜ ತೊಳೆದು ನೀರು ಬದಲಿಸಿ. ಆ ನೀರನ್ನು ಮೀನಿನ ಹೊಂಡಕ್ಕೋ ಹಳ್ಳಕ್ಕೋ ಚೆಲ್ಲಬೇಡಿ. ನೊರೆ ತರುವ ಸಪೋನಿನ್ ಮೀನಿಗೆ ವಿಷ.

## ಹಂತ 4: ಚೀಲದಲ್ಲಿ ಸಸಿ

ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ ಬಿತ್ತಿದರೆ ಮಳೆಗಾಲಕ್ಕೆ ನೆಡುವ ಅಳತೆಯ ಸಸಿ ಸಿಗುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಯೂರಿಯಾ ಬೇಡ. ಹಳೆಯ ಸೀಗೆ ಗಿಡದ ಬುಡದಿಂದ ಒಂದು ಬೊಗಸೆ ಮಣ್ಣು ತಂದು ಬೆರೆಸಿದರೆ ಒಳ್ಳೆಯದು.

ಚೀಲ ಉದ್ದವಿರಲಿ, ಅಗಲ ಮುಖ್ಯವಲ್ಲ. ತಾಯಿಬೇರು ನೇರ ಕೆಳಗಿಳಿಯುತ್ತದೆ. ಬೀಜವನ್ನು ಅರ್ಧ ಇಂಚಿಗಿಂತ ಆಳಕ್ಕೆ ಹಾಕಬೇಡಿ. ಮೇಲೆ ತೆಂಗಿನ ಗರಿಯ ಚಪ್ಪರ ಇರಲಿ. ನೀರು ದಿನಕ್ಕೊಮ್ಮೆ, ತೇವ ಆರದಷ್ಟು. ಸಿಪ್ಪೆ ಒಡೆದ ಬೀಜ ಎರಡು ವಾರದೊಳಗೆ ತಲೆಯೆತ್ತುತ್ತದೆ. ಮೂರು ವಾರವಾದರೂ ಸುಳಿವಿಲ್ಲದಿದ್ದರೆ ಒಂದು ಚೀಲ ಕೆದಕಿ ನೋಡಿ. ಬೀಜ ಗಟ್ಟಿಯಿದ್ದರೆ ಹಂತ 3ಕ್ಕೆ ಹಿಂತಿರುಗಿ. ಮೆತ್ತಗೆ ಕೊಳೆತಿದ್ದರೆ ನೀರು ಹೆಚ್ಚಾಗಿದೆ.

ಹುಟ್ಟಿದ ಸಸಿ ನೆಲಮಟ್ಟದಲ್ಲಿ ದಾರದಂತೆ ಸಣ್ಣಗಾಗಿ ಮಗುಚಿದರೆ ಅದು ಬುಡ ಕೊಳೆರೋಗ. ಆ ಚೀಲವನ್ನು ದೂರ ಎಸೆದು, ಉಳಿದವಕ್ಕೆ ಎರಡು ದಿನ ನೀರು ಹಾಕುವುದನ್ನು ನಿಲ್ಲಿಸಿ, ಚಪ್ಪರ ಸರಿಸಿ ಗಾಳಿ ಆಡಲು ಬಿಡಿ. ಸಸಿ ಗೇಣುದ್ದ ಆದ ಮೇಲೆ ಮೂರು ವಾರಕ್ಕೊಮ್ಮೆ ಚೀಲಗಳ ಜಾಗ ಬದಲಿಸುತ್ತಿರಿ. ಇಲ್ಲವಾದರೆ ಬೇರು ಚೀಲ ತೂರಿ ನೆಲ ಹಿಡಿಯುತ್ತದೆ. ನೆಡುವ ದಿನ ಎತ್ತಿದಾಗ ತಾಯಿಬೇರು ಟಪ್ಪೆಂದು ಹರಿಯುತ್ತದೆ. ಸಸಿ ಅಲ್ಲಿಗೇ ಸೊರಗುತ್ತದೆ.

ಚೀಲದ ರಗಳೆಯೇ ಬೇಡ, ಗಡಿಯಲ್ಲೇ ನೇರ ಬಿತ್ತುತ್ತೇನೆ ಎನ್ನುವವರಿದ್ದಾರೆ. ಬಿತ್ತಬಹುದು, ಆದರೆ ಆಷಾಢದ ಹುಲ್ಲಿನ ನಡುವೆ ಆ ಸಸಿಯನ್ನು ಹುಡುಕಿಕೊಳ್ಳುವುದು ಮಾತ್ರ ನಿಮ್ಮ ಪಾಡು.

## ಹಂತ 5: ಆಸರೆ ಮೊದಲು, ಸಸಿ ಆಮೇಲೆ

ಬೇಲಿ ನೆಲಕ್ಕೆ ಬೀಳುವುದಕ್ಕೆ ಕಾರಣ ಈ ಹಂತವನ್ನು ಹಾರಿಸುವುದು. ಸಸಿ ಚೀಲದಲ್ಲಿರುವಾಗಲೇ ಗಡಿಯಲ್ಲಿ ಗೂಟ ನಿಂತಿರಬೇಕು. ಗ್ಲಿರಿಸಿಡಿಯಾ ಅಥವಾ ಹಾಲುವಾಣದ ಹಸಿ ಗೂಟಗಳು ಉತ್ತಮ, ಬೇರು ಬಿಟ್ಟು ಬದುಕಿಬಿಡುತ್ತವೆ. ಹಿಂದಿನ ಮಳೆಗಾಲದಲ್ಲೇ ನೆಟ್ಟಿದ್ದರೆ ಇನ್ನೂ ಒಳ್ಳೆಯದು. ಈ ವರ್ಷವೇ ನೆಡುವುದಾದರೆ ಮೇ ಕೊನೆಯ ರೋಹಿಣಿ ಮಳೆಯ ಮೊದಲ ಹದಕ್ಕೆ ನೆಡಿ. ಆರು ಅಡಿಗೊಂದು ಗೂಟ, ನೆಲದ ಮೇಲೆ ಐದಡಿ. ಒಣ ಗೂಟವಾದರೆ ಹೂಳುವ ತುದಿಯನ್ನು ಸುಟ್ಟು ಕಪ್ಪಾಗಿಸಿ, ವರಲೆ (ಗೆದ್ದಲು) ಬೇಗ ಹತ್ತುವುದಿಲ್ಲ.

ಗೂಟಗಳಿಗೆ ಅಡ್ಡಲಾಗಿ ಬಿದಿರಿನ ಗಳ ಕಟ್ಟಿ. ಮೊದಲನೆಯದು ನೆಲದಿಂದ ಒಂದಡಿ, ಎರಡನೆಯದು ಎರಡೂವರೆ, ಮೂರನೆಯದು ನಾಲ್ಕು ಅಡಿ ಎತ್ತರಕ್ಕೆ. ಕೆಳಗಿನ ಗಳವನ್ನು ಕಟ್ಟದೆ ಬಿಟ್ಟು ಉಳಿತಾಯ ಮಾಡಲು ಹೋಗಬೇಡಿ. ಹಂದಿ ನುಗ್ಗುವುದು ಅಲ್ಲಿಂದಲೇ.

ಬೇಲಿಯ ಸಾಲು ನಿಮ್ಮ ಬೆಳೆಯ ಕೊನೆಯ ಸಾಲಿನಿಂದ ಹತ್ತು ಅಡಿಯಾದರೂ ದೂರ ಇರಲಿ. ಆ ಹತ್ತು ಅಡಿ ವ್ಯರ್ಥವಾಯಿತೆಂದು ಮರುಗಬೇಡಿ, ನಾಳೆ ಕತ್ತಿ ಬೀಸಲು ನಿಲ್ಲುವ ಜಾಗ ಅದು. ವಿದ್ಯುತ್ ಕಂಬದ ಬುಡಕ್ಕಂತೂ ಸೀಗೆ ಬೇಡವೇ ಬೇಡ.

## ಹಂತ 6: ನೆಡುವುದು

ಮೃಗಶಿರ ಮಳೆಯ ಕೊನೆಯಿಂದ ಆರಿದ್ರಾದೊಳಗೆ, ಅಂದರೆ ಜೂನ್ ಮಧ್ಯದಿಂದ ಜುಲೈ ಮೊದಲ ವಾರದೊಳಗೆ ನೆಟ್ಟು ಮುಗಿಸಿ. ಅತ್ತ ಪುನರ್ವಸು, ಪುಷ್ಯದ ಜಡಿಮಳೆಗೆ ಸಿಕ್ಕರೆ ಗುಂಡಿ ನೀರು ತುಂಬಿ ಬೇರು ಕೊಳೆಯುತ್ತದೆ.

ಗುಂಡಿ ಒಂದೂವರೆ ಅಡಿ ಆಳ, ಒಂದಡಿ ಅಗಲ. ಗೂಟದ ಸಾಲಿನ ಎರಡೂ ಬದಿಗೆ ಒಂದಡಿ ಬಿಟ್ಟು, ಎದುರುಬದುರಾಗಿ ಅಲ್ಲ, ಎಡ ಬಲ ಎಡ ಬಲ ಎಂದು ಓರೆಯಾಗಿ ಬರುವಂತೆ ತೋಡಿ. ಒಂದೇ ಬದಿಯ ಎರಡು ಗಿಡಗಳ ನಡುವೆ ಆರು ಅಡಿ ಇದ್ದರೆ ಒಟ್ಟಿನಲ್ಲಿ ಮೂರು ಅಡಿಗೊಂದು ಗಿಡ ಸಿಗುತ್ತದೆ. ಒತ್ತಾಗಿ ನೆಟ್ಟರೆ ಬೇಲಿ ಬೇಗ ಕೂಡುತ್ತದೆ ಎಂಬುದು ಭ್ರಮೆ. ಬೆಳಕಿಗಾಗಿ ಜಗಳವಾಡುತ್ತ ಎಲ್ಲವೂ ಮೇಲಕ್ಕೆ ಓಡುತ್ತವೆ, ಬುಡ ಬರಿದಾಗುತ್ತದೆ.

ಚೀಲ ಪೂರ್ತಿ ಹರಿದು ತೆಗೆಯಿರಿ. ತಳ ಮಾತ್ರ ಕತ್ತರಿಸಿ ಇಳಿಸುವ ಸೋಮಾರಿತನವನ್ನು ನಾನೂ ಒಂದು ವರ್ಷ ಮಾಡಿದ್ದೆ. ಮರುವರ್ಷ ಸತ್ತ ಗಿಡ ಕಿತ್ತು ನೋಡಿದರೆ ಬೇರು ಚೀಲದೊಳಗೇ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡಿತ್ತು. ನೆಟ್ಟ ಮೇಲೆ ಬುಡಕ್ಕೆ ಮಣ್ಣು ಏರಿಸಿ, ಸೊಪ್ಪು ಮುಚ್ಚಿ. ಮೊದಲ ಎರಡು ವರ್ಷ ದನ, ಆಡಿನ ಬಾಯಿಂದ ಕಾಯಬೇಕು. ಎಳೆಯ ಚಿಗುರಿನ ಹುಳಿ ನಮ್ಮ ತಂಬುಳಿಗೆ ರುಚಿಸುವಂತೆ ಅವಕ್ಕೂ ರುಚಿಸುತ್ತದೆ, ಮುಳ್ಳು ಇನ್ನೂ ಮೆತ್ತಗಿರುತ್ತದೆ.

## ಹಂತ 7: ಬಾಗಿಸಿ ಕಟ್ಟುವುದು

ನೆಟ್ಟ ಎರಡನೆಯ ಮಳೆಗಾಲದಲ್ಲಿ ಪ್ರತಿ ಗಿಡವೂ ಉದ್ದನೆಯ ಬಳುಕುವ ಚಿಗುರು ಬಿಡುತ್ತದೆ. ಅದನ್ನು ನೋಡಿ "ಅಬ್ಬಾ, ಎದ್ದಿತು" ಎಂದು ಬಿಟ್ಟರೆ ಮುಗಿಯಿತು, ಅದು ಮರ ಹುಡುಕಿಕೊಂಡು ಹೋಗುತ್ತದೆ. ಕೊಂಬೆ ಇನ್ನೂ ಹಸಿರಾಗಿರುವಾಗ, ಬೆರಳಿನಷ್ಟು ದಪ್ಪ ಆಗುವ ಮೊದಲೇ ಕೆಳಗಿನ ಗಳದ ಮೇಲೆ ಅಡ್ಡಲಾಗಿ ಬಾಗಿಸಿ ಬಾಳೆ ನಾರಿನಿಂದ ಸಡಿಲವಾಗಿ ಕಟ್ಟಿ. ಅಡ್ಡ ಮಲಗಿಸಿದ ಕೊಂಬೆಯ ಉದ್ದಕ್ಕೂ ಹೊಸ ಚಿಗುರುಗಳು ಮೇಲ್ಮುಖವಾಗಿ ಏಳುತ್ತವೆ. ಅವನ್ನು ಎರಡನೆಯ ಗಳಕ್ಕೆ, ಈ ಬಾರಿ ಎದುರು ದಿಕ್ಕಿಗೆ. ಹೀಗೆ ಹೆಣೆದ ಬೇಲಿಯೇ ಬೇಲಿ. ಪ್ಲಾಸ್ಟಿಕ್ ದಾರ ಬಳಸಿದರೆ ಕೊಂಬೆ ದಪ್ಪವಾದಂತೆ ಅದು ತೊಗಟೆಯೊಳಗೆ ಇಳಿದು ಕೊಂಬೆಯನ್ನೇ ಕೊಲ್ಲುತ್ತದೆ.

ಸಲಕರಣೆ: ಮೊಣಕೈವರೆಗಿನ ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ, ಬೂಟು, ಒಂದು ಕವೆಗೋಲು. ಕವೆಗೋಲಿನಿಂದ ಕೊಂಬೆ ಒತ್ತಿ ಹಿಡಿಯುವವರು ಒಬ್ಬರು, ಕಟ್ಟುವವರು ಇನ್ನೊಬ್ಬರು. ಒಬ್ಬರೇ ಹೋಗಬೇಡಿ.

ಮುಳ್ಳು ಹಿಡಿಯುವುದು ಖಂಡಿತ. ಸೀಗೆಯ ಮುಳ್ಳು ಸೂಜಿಯಲ್ಲ, ಕೊಕ್ಕೆ. ತುದಿ ಹಿಂದಕ್ಕೆ ಬಾಗಿರುತ್ತದೆ. ಅಂಗಿಯ ತೋಳು ಸಿಕ್ಕಿಕೊಂಡಾಗ ಕೈ ಮುಂದಕ್ಕೆ ಎಳೆದರೆ ಒಂದಿದ್ದದ್ದು ಹತ್ತಾಗಿ ಬಿಗಿಯುತ್ತದೆ. ನಿಲ್ಲಿ. ಬಂದ ದಿಕ್ಕಿಗೇ ಅರ್ಧ ಹೆಜ್ಜೆ ಹಿಂದೆ ಸರಿಯಿರಿ. ಕೊಕ್ಕೆ ತಾನಾಗಿ ಸಡಿಲವಾಗುತ್ತದೆ. ಆಮೇಲೆ ಒಂದೊಂದಾಗಿ ಬಿಡಿಸಿಕೊಳ್ಳಿ. ನಮ್ಮ ಮನೆಯ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಕತ್ತಿ ಕೊಡುವ ಮೊದಲು ಇದನ್ನೇ ಹೇಳಿಕೊಡುವುದು.

## ಹಂತ 8: ಕತ್ತಿ

ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆಯನ್ನು ಕಣ್ಣಾರೆ ಕಾಣಬೇಕಿದ್ದರೆ ಸೀಗೆಯನ್ನು ಮೂರು ವರ್ಷ ಸವರದೆ ಬಿಡಿ. ಮೂರನೆಯ ವರ್ಷದಿಂದ ವರ್ಷಕ್ಕೆ ಎರಡು ಸವರು ಕಡ್ಡಾಯ. ಒಂದು, ಮಳೆ ಕಡಿಮೆಯಾಗುವ ಸೆಪ್ಟೆಂಬರ್ ಹೊತ್ತಿಗೆ. ಇನ್ನೊಂದು, ಬೇಸಿಗೆಯ ಮಳೆಗೆ ಮುಂಚೆ, ಮಾರ್ಚ್‌ನಲ್ಲಿ. ಎತ್ತರ ಐದಡಿ, ಅಗಲ ನಾಲ್ಕಡಿ. ಮೇಲ್ಭಾಗವನ್ನು ಬುಡಕ್ಕಿಂತ ಕಿರಿದಾಗಿ ಸವರಿ. ಇಲ್ಲವಾದರೆ ಬುಡಕ್ಕೆ ಬಿಸಿಲು ಬೀಳದೆ ಕೆಳಗಿನ ಎಲೆ ಉದುರಿ ಕಿಂಡಿ ಬೀಳುತ್ತದೆ. ಈಗಾಗಲೇ ಕಿಂಡಿ ಬಿದ್ದಿದ್ದರೆ ಆ ಜಾಗದ ಗಿಡವನ್ನು ಮಳೆಗೆ ಮುಂಚೆ ಮೊಣಕಾಲೆತ್ತರಕ್ಕೆ ಕಡಿದುಬಿಡಿ. ಬುಡದಿಂದ ಮತ್ತೆ ಹಲವು ಚಿಗುರು ಏಳುತ್ತವೆ, ಅವನ್ನು ಹಂತ 7ರಂತೆ ಹೆಣೆಯಿರಿ.

ಸವರಿದ ಮುಳ್ಳನ್ನು ಬೇಲಿಯ ಬುಡಕ್ಕೆ ಒಟ್ಟುವ ಅಭ್ಯಾಸ ಹಲವರದು. ಮಳೆಗಾಲದಲ್ಲಿ ಪರವಾಗಿಲ್ಲ. ಮಾರ್ಚ್‌ನಲ್ಲಿ ಒಟ್ಟಿದರೆ ದಾರಿಹೋಕರ ಒಂದು ಬೀಡಿ ತುಂಡಿಗೆ ಬೇಲಿ, ಗೂಟ, ಗಳ ಎಲ್ಲವೂ ಹೋಗುತ್ತವೆ. ದೂರದ ಗುಂಡಿಗೆ ಹಾಕಿ.

## ಕಾಯಿ ಬೇಕೆನ್ನುವವರಿಗೆ

ಬೇಲಿಯನ್ನೂ ಬಿಗಿಯಾಗಿ ಸವರಿ, ಮೂಟೆಗಟ್ಟಲೆ ಕಾಯಿಯನ್ನೂ ಕೀಳುತ್ತೇನೆ ಎಂಬ ಆಸೆ ಬೇಡ. ಹೂಗೊಂಚಲು ಬರುವುದು ಕೊಂಬೆಗಳ ತುದಿಯ ಭಾಗದಲ್ಲಿ, ನೀವು ಸವರುವುದೂ ಅದನ್ನೇ. ಬೇಲಿ ಮುಗಿಯುವ ಮೂಲೆಯಲ್ಲಿ, ಬೆಳೆಯಿಂದ ದೂರವಿರುವ ಯಾವುದಾದರೂ ಕಾಟು ಮರಕ್ಕೆ ಒಂದೆರಡು ಗಿಡ ಹತ್ತಲು ಬಿಟ್ಟುಬಿಡಿ. ಅವಕ್ಕೆ ಕತ್ತಿ ತಾಗಿಸಬೇಡಿ. ಮನೆಖರ್ಚಿನ ಕಾಯಿ ಅದರಲ್ಲೇ ಸಿಗುತ್ತದೆ, ಮುಂದಿನ ಬೀಜವೂ.

ದೋಟಿಯಿಂದ ಎಳೆಯುವಾಗ ನೇರ ಕೆಳಗೆ ನಿಲ್ಲಬೇಡಿ. ಕಾಯಿಗೆ ಮೊದಲು ಮುಳ್ಳುಕೊಂಬೆ ಬರುತ್ತದೆ. ಕೊಯ್ದ ಕಾಯಿಯನ್ನು ಕೈಯಲ್ಲಿ ಮುರಿದರೆ ಚಟ್ಟೆನ್ನುವವರೆಗೆ ಬಿಸಿಲಿಗೆ ಹರವಿ. ಅರೆಬರೆ ಒಣಗಿದ್ದನ್ನು ಚೀಲಕ್ಕೆ ತುಂಬಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಪುಡಿ ಮಾಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಗಿರಣಿಯವರಿಗೂ ಮೊದಲೇ ಹೇಳಿ. ಮೆಣಸಿನಕಾಯಿಗೆ ಸೀನದವರು ಸೀಗೆಗೆ ಸೀನುತ್ತಾರೆ.